ಒಂದೇ ಪೋಸ್ಟರ್, ಮೂರು ಫಾಂಟ್

ನಮ್ಮ ಬಡಾವಣೆಯ ಗ್ರಂಥಾಲಯದ ‘ಪುಸ್ತಕ ಪ್ರದರ್ಶನ’ಕ್ಕೆ ಎ3 ಪೋಸ್ಟರ್ ಬೇಕಿತ್ತು. ಬಲೂ ತಮ್ಮ 2, ಟಿರೋ ಕನ್ನಡ, ಅನೇಕ್ ಕನ್ನಡ ಮೂರರಲ್ಲೂ ಅದನ್ನೇ ಮಾಡಿ ಗೋಡೆಗೆ ಅಂಟಿಸಿ ನೋಡಿದೆ. ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಫಾಂಟ್ ಪರೀಕ್ಷೆಗೆ ತಲೆಬರಹದ ‘ಪುಸ್ತಕ ಪ್ರದರ್ಶನ’ ಎಂಬ ಎರಡು ಪದ ಚೆನ್ನಾಗಿ ಒದಗಿದವು. ‘ಸ್ತ’ದಲ್ಲಿ ತ ಒತ್ತು, ‘ಪ್ರ’ದಲ್ಲಿ ರ ಒತ್ತು, ‘ರ್ಶ’ದಲ್ಲಿ ಅರ್ಕಾವತ್ತು, ಎಲ್ಲವೂ ಇವೆ.

ರಸ್ತೆಯ ಆಚೆ ಬದಿಯಿಂದ ಮೊದಲು ಕಣ್ಣಿಗೆ ಬಿದ್ದದ್ದು ಬಲೂ. ದುಂಡಗೆ, ಮೈತುಂಬಿಕೊಂಡ ಅಕ್ಷರಗಳು. ಮಕ್ಕಳ ಕಾರ್ಯಕ್ರಮಕ್ಕೆ ಹೇಳಿ ಮಾಡಿಸಿದ ಹಾಗಿವೆ. ಆದರೆ ಅತಿ ದಪ್ಪದ 800 ತೂಕದಲ್ಲಿ (ತೂಕ ಅಂದರೆ ಗೆರೆಯ ದಪ್ಪದ ಅಳತೆ) ಅಕ್ಷರದ ಒಳಗಿನ ಬಿಳಿ ಜಾಗ ತೀರಾ ಕಿರಿದಾಗುತ್ತದೆ. ತಲೆಬರಹಕ್ಕೆ ಪರವಾಗಿಲ್ಲ, ಕೆಳಗಿನ ಸ್ಥಳ-ಸಮಯದ ಸಾಲಿಗೆ ಬೇಡ. ಇನ್ನೊಂದು ತೊಡಕು ಅಗಲದ್ದು. ನನಗೆ ಬೇಕಾದ ಗಾತ್ರದಲ್ಲಿ ಎರಡೂ ಪದ ಒಂದೇ ಸಾಲಿಗೆ ಹಿಡಿಸಲಿಲ್ಲ. ಎರಡು ಸಾಲು ಮಾಡಿ ಹತ್ತಿರ ತಂದರೆ ‘ಸ್ತ’ದ ಒತ್ತು ಕೆಳಗಿನ ‘ದ’ದ ತಲೆಕಟ್ಟಿಗೆ ತಾಗುತ್ತದೆ. ದೂರ ಮಾಡಿದರೆ ಎರಡು ಪದ ಬೇರೆ ಬೇರೆ ವಿಷಯದಂತೆ ಕಾಣುತ್ತವೆ.

ಟಿರೋ ನೋಡಲು ಬಲು ಚೆಂದ. ಹಳೆಯ ಅಚ್ಚಿನ ಪುಸ್ತಕದ ಘನತೆ ಅದಕ್ಕಿದೆ. ಆದರೆ ಅದರಲ್ಲಿ ಬೋಲ್ಡ್ ಇಲ್ಲ. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರವಾಗಿ ಹಾಕಿ ಜೆರಾಕ್ಸ್ ಮಾಡಿಸಿದರೆ ತೆಳು ಗೆರೆಗಳು ಮಸಿಯಲ್ಲಿ ಮುಚ್ಚಿಹೋಗುತ್ತವೆ. ಆಮಂತ್ರಣ ಪತ್ರಿಕೆಗಾದರೆ ನಾನು ಇದನ್ನೇ ಹಾಕುತ್ತೇನೆ, ಗೋಡೆಗಲ್ಲ.

ನನಗೆ ಹಿಡಿಸಿದ್ದು ಅನೇಕ್. ತೂಕವನ್ನು 100ರಿಂದ 800ರವರೆಗೆ, ಅಗಲವನ್ನು ಮಾಮೂಲಿನ ಶೇಕಡ 75ರಿಂದ 125ರವರೆಗೆ ಬೇಕಾದಂತೆ ಹೊಂದಿಸಬಹುದು. ಅಗಲ ಸ್ವಲ್ಪ ತಗ್ಗಿಸಿದ ಕೂಡಲೇ ಎರಡೂ ಪದ ಒಂದೇ ಸಾಲಿನಲ್ಲಿ ಕೂತವು. ಮಾಮೂಲಿ ಫಾಂಟನ್ನು ಮೌಸ್‌ನಿಂದ ಹಿಂಡಿದರೆ ನಿಲುವು ಗೆರೆಗಳು ಸಣ್ಣಗಾಗಿ ಅಕ್ಷರ ವಿಕಾರವಾಗುತ್ತದೆ. ಇಲ್ಲಿ ಕಿರಿದಾದ ರೂಪವನ್ನೂ ವಿನ್ಯಾಸಕಾರರೇ ಬರೆದಿರುತ್ತಾರೆ. ಒಂದು ಸಾಲು ಉಳಿದದ್ದರಿಂದ ಒತ್ತುಗಳಿಗೆ ಕೆಳಗೆ ಬೇಕಾದಷ್ಟು ಜಾಗವೂ ಸಿಕ್ಕಿತು.

ಅಕ್ಷರದ ಹಿಂದಿನ ಆಕಾರಕ್ಕೆ ವೃತ್ತ ಮತ್ತು ಉದ್ದನೆಯ ಪಟ್ಟಿ ಎರಡನ್ನೂ ಹೋಲಿಸಿದೆ. ಕನ್ನಡ ಅಕ್ಷರಗಳೇ ದುಂಡು ಅಲ್ವಾ, ಹಿಂದೆ ಇನ್ನೊಂದು ದೊಡ್ಡ ದುಂಡು ಬಂದರೆ ಕಣ್ಣಿಗೆ ಎಲ್ಲೂ ನಿಲ್ಲಲು ಜಾಗವಿಲ್ಲ. ನೇರ ಅಂಚಿನ ಪಟ್ಟಿಯ ಮೇಲೆ ಅದೇ ಅಕ್ಷರಗಳ ತಿರುವುಗಳು ಎದ್ದು ಕಾಣುತ್ತವೆ.

ಬಣ್ಣವನ್ನು ಮಾತ್ರ ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿಯೇ ಆರಿಸಿ. ಹಸಿರಿನ ಮೇಲಿನ ಕೆಂಪು ಅಕ್ಷರ ತೆರೆಯ ಮೇಲೆ ಜೋರಾಗಿತ್ತು, ಜೆರಾಕ್ಸ್‌ನಲ್ಲಿ ಎರಡೂ ಒಂದೇ ಬೂದಿ ಬಣ್ಣವಾದವು. ಕಡುಗೆಂಪಿನ ಮೇಲೆ ಹಳದಿ ಹಾಕಿದ್ದು ಕಪ್ಪು-ಬಿಳುಪಿನಲ್ಲೂ ಸಲೀಸಾಗಿ ಓದಲು ಬಂತು. ಕೊನೆಗೆ ಅಚ್ಚಿಗೆ ಕೊಟ್ಟದ್ದು ಅದನ್ನೇ, ಅನೇಕ್‌ನ 700 ತೂಕದಲ್ಲಿ.