ನಿದ್ದೆಗೋಸ್ಕರ ಜಿಮ್ ಸೇರಿದೆ, ನಾಲ್ಕು ತಿಂಗಳಾಯಿತು

ಮೊದಲೇ ಹೇಳಿಬಿಡುತ್ತೇನೆ, ನಾನು ಜಿಮ್ ಸೇರಿದ್ದು ತೂಕ ಇಳಿಸೋಕಲ್ಲ. ನಿದ್ದೆಗೆ. ನನಗೆ 57. ಒಂದೂವರೆ ವರ್ಷದಿಂದ ರಾತ್ರಿ ಎರಡಕ್ಕೆ ಎಚ್ಚರ ಆದರೆ ಹಾಲಿನವನು ಬರುವ ತನಕ ಹೊರಳಾಟ, ಪಕ್ಕದಲ್ಲಿ ನಮ್ಮ ಮನೆಯವರು ದಿಂಬಿಗೆ ತಲೆ ತಾಗಿದ ಕೂಡಲೇ ಗೊರಕೆ, ಅದನ್ನು ಕೇಳಿಯೇ ನನಗೆ ಅರ್ಧ ಸಿಟ್ಟು. ವಾರಕ್ಕೆ 3 ರಾತ್ರಿಯಾದರೂ ಹೀಗೆ, ಅದೂ 3 ತಿಂಗಳು ಅಂದರೆ ಕಾಯಿಲೆ ಅಂತಲೇ ಲೆಕ್ಕ ಅಂದರು ಡಾಕ್ಟರ್. ಮೈ ಬಗ್ಗಿಸಿ ಅಂತಲೂ ಅಂದರು.

ಮೈಸೂರಿನ ಸರಸ್ವತಿಪುರಂ, ಮನೆಯಿಂದ ಐದು ನಿಮಿಷ. 3 ತಿಂಗಳಿಗೆ 4,500 ರೂಪಾಯಿ. "ಇವತ್ತು ಬೆವರು ಸುರಿಸಿ ಆಂಟಿ, ಇವತ್ತೇ ರಾತ್ರಿ ನಿದ್ದೆ ಗ್ಯಾರಂಟಿ" ಅಂದರು ಕೌಂಟರ್‌ನಲ್ಲಿ. ಶುದ್ಧ ಸುಳ್ಳು. ಮೊದಲ ರಾತ್ರಿ ತೊಡೆ ನೋವಿಗೆ ಒಂದಕ್ಕೇ ಎಚ್ಚರ ಆಯಿತು.

ಎರಡನೇ ವಾರ ದುಡ್ಡು ವಾಪಸ್ ಕೇಳುವವಳಿದ್ದೆ. ಆಗ ಮಗಳು ಒಂದು ಅಧ್ಯಯನ ಓದಿ ಹೇಳಿದಳು. ಅಮೆರಿಕದ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯವರದ್ದು, 2013ರದ್ದು. ನಿದ್ದೆ ಬಾರದ 11 ಹೆಂಗಸರು, ಹೆಚ್ಚುಕಮ್ಮಿ ನನ್ನ ವಯಸ್ಸಿನವರೇ, 16 ವಾರ ವ್ಯಾಯಾಮ. ಮಾಡಿದ ದಿನ ರಾತ್ರಿಯೇ ಜಾಸ್ತಿ ನಿದ್ದೆ ಬಂತು ಅನ್ನೋ ಹಾಗೇನೂ ಇರಲಿಲ್ಲವಂತೆ. ಉಲ್ಟಾ, ನಿದ್ದೆ ಕೆಟ್ಟ ಮರುದಿನ ವ್ಯಾಯಾಮವೇ ಕಮ್ಮಿ ಹೊತ್ತು. ನಿದ್ದೆ ಸುಧಾರಿಸಿದ್ದು ತಿಂಗಳುಗಟ್ಟಲೆ ಬಿಡದೆ ಮಾಡಿದ ಮೇಲೆ. ಬರೀ 11 ಜನ, ಸಣ್ಣ ಲೆಕ್ಕ ನಿಜ, ಆದರೆ ನನ್ನನ್ನೇ ನೋಡಿ ಬರೆದ ಹಾಗಿತ್ತು.

16 ವಾರ ಅಂದರೆ ಹತ್ತಿರ ಹತ್ತಿರ ನಾಲ್ಕು ತಿಂಗಳು ಅಲ್ವಾ? ಇವರ ಪ್ಯಾಕೇಜ್ ಮೂರಕ್ಕೇ ಮುಗಿಯುತ್ತೆ! ನಾಲ್ಕನೇ ತಿಂಗಳಿಗೆ ಬಿಡಿಯಾಗಿ 2,000 ಕಟ್ಟಿದೆ.

ಸಂಜೆ ಬ್ಯಾಚ್ ಬೇಡವೇ ಬೇಡ. ಹಾಡಿನ ಅಬ್ಬರಕ್ಕೆ ಮನೆಗೆ ಬಂದ ಮೇಲೂ ಕಿವಿ ಗುಂಯ್ ಅನ್ನುತ್ತಿತ್ತು. ನಾಲ್ಕು ಟ್ರೆಡ್‌ಮಿಲ್‌ನಲ್ಲಿ ಎರಡು ಕೆಟ್ಟಿವೆ, ಹೆಂಗಸರ ರೂಮಿನ ಚಿಲಕ ಇವತ್ತಿಗೂ ಬೀಳಲ್ಲ.

ಆದರೂ ಬಿಡಲಿಲ್ಲ, ಕಾರಣ ಬೆಳಗಿನ ಬ್ಯಾಚಿನ ಟ್ರೈನರ್ ಹುಡುಗ. ನಿದ್ದೆಗೆಟ್ಟ ದಿನ ನಾನು ಹೋಗುತ್ತಿರಲಿಲ್ಲ, ಏಳೂವರೆಗೆ ಸರಿಯಾಗಿ ಫೋನ್ ಬರುತ್ತಿತ್ತು. "ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ಕಣಪ್ಪ" ಅಂದರೆ "ಹತ್ತೇ ನಿಮಿಷ ಸೈಕಲ್ ತುಳಿದು ಹೋಗಿ ಆಂಟಿ, ಸಾಕು" ಅನ್ನುತ್ತಿದ್ದ. ಹತ್ತು ನಿಮಿಷಕ್ಕೆ ಅಂತ ಹೋದವಳು ಎಷ್ಟೋ ಸಲ ಅರ್ಧ ಗಂಟೆ ಮಾಡಿ ಬಂದಿದ್ದೇನೆ. ಮೆಷಿನ್ ಎಲ್ಲಾ ಕಡೆ ಸಿಗುತ್ತೆ, ಈ ಫೋನ್ ಸಿಗಲ್ಲ.

ಮೂರು ತಿಂಗಳು ದಾಟಿದ ಮೇಲೆ ವ್ಯತ್ಯಾಸ ಗೊತ್ತಾಯಿತು. ಈಗಲೂ ವಾರಕ್ಕೆ ಒಂದೆರಡು ಸಲ ಎರಡು ಗಂಟೆಗೆ ಎಚ್ಚರ ಆಗುತ್ತೆ, ಆದರೆ ಅರ್ಧ ಗಂಟೆಯಲ್ಲಿ ಮತ್ತೆ ಜೊಂಪು ಹತ್ತುತ್ತೆ. ಗೊರಕೆ ಮಾತ್ರ ಹಾಗೇ ಇದೆ.

ಜಿಮ್‌ಗೆ ಐದಕ್ಕೆ ಮೂರೂವರೆ ಅಂಕ. ಅದರಲ್ಲಿ ಎರಡು ಆ ಹುಡುಗನಿಗೆ. ಸೇರುವುದಾದರೆ ನಾಲ್ಕು ತಿಂಗಳಿಗೆ ಎಷ್ಟು ಅಂತ ಮೊದಲೇ ಚೌಕಾಸಿ ಮಾಡಿ. ಟವೆಲ್ ಮನೆಯಿಂದಲೇ ತಗೊಂಡು ಹೋಗಿ, ಅಲ್ಲಿ 20 ರೂಪಾಯಿ ಕೀಳುತ್ತಾರೆ.