ಪಂಪ್ ಬದಲಿಸುವ ಮೊದಲು ಸಕ್ಷನ್ ಪೈಪ್ ಬಿಚ್ಚಿ ನೋಡಿ

ಹಳೆ ಜೆಸಿಬಿ ಇಟ್ಟುಕೊಂಡವರು ಇದನ್ನು ಓದಿ. ನಾನು ಸುಮ್ನೆ ಒಂದು ಹೈಡ್ರಾಲಿಕ್ ಪಂಪಿನ (ಆಯಿಲ್ ಒತ್ತಿ ಬಕೆಟ್ಟಿಗೆ ಬಲ ಕೊಡುವ ಪಂಪ್) ದುಡ್ಡು ಕಳೆದುಕೊಂಡೆ.

ಹೋದ ಬೇಸಿಗೆಯಲ್ಲಿ ಚನ್ನಗಿರಿ ಕಡೆ ಅಡಿಕೆ ತೋಟಕ್ಕೆ ಬಸಿಗಾಲುವೆ ತೆಗೆಯುತ್ತಿದ್ದೆವು. ಬೆಳಿಗ್ಗೆ ಗಾಡಿ ಚೆನ್ನಾಗಿಯೇ ಇರುತ್ತಿತ್ತು. ಹನ್ನೊಂದರ ಹೊತ್ತಿಗೆ ಆಯಿಲ್ ಕಾಯುತ್ತಿದ್ದಂತೆ ಬಕೆಟ್ಟಿಗೆ ಜೋರೇ ಇಲ್ಲ, ಪಂಪಿನಿಂದ ಕುಂಯ್ ಅಂತ ಸದ್ದು. ಮೆಕ್ಯಾನಿಕ್ ಬಂದು ಕಿವಿಗೊಟ್ಟು ಕೇಳಿ, 'ಪಂಪ್ ಹೋಗಿದೆ ಅಣ್ಣ' ಅಂದ. ಗೇಜ್ ಹಾಕಿ ಪ್ರೆಶರ್ ನೋಡಲಿಲ್ಲ. ನಾನೂ ಕೇಳಲಿಲ್ಲ, ಕೆಲಸ ನಿಂತಿತ್ತಲ್ಲ.

ಹೊಸ ಪಂಪ್ ಕೂರಿಸಿದ ಮೂರನೇ ದಿನ ಅದೇ ಸದ್ದು. ಈ ಸಲ ಆ ಮೆಕ್ಯಾನಿಕ್, ಪ್ರೆಶರ್ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವಿನ ಸ್ಕ್ರೂ ಇನ್ನಷ್ಟು ಬಿಗಿದು ಹೋದ. ಮರುದಿನ ಬೆಳಿಗ್ಗೆ, ಆಯಿಲ್ ತಣ್ಣಗಿದ್ದು ಪಂಪಿಗೆ ಪೂರ್ತಿ ಬಲ ಇದ್ದಾಗ, ಬೂಮಿನ (ಬಕೆಟ್ ಎತ್ತುವ ತೋಳು) ಹಳೆ ಹೋಸಿನಿಂದ ಮಂಜಿನ ಹಾಗೆ ಆಯಿಲ್ ಚಿಮ್ಮತೊಡಗಿತು. ಹುಡುಗನೊಬ್ಬ ಎಲ್ಲಿಂದ ಅಂತ ಕೈಯಿಟ್ಟು ನೋಡಲು ಹೋದ. ರಟ್ಟೆ ಹಿಡಿದು ಎಳೆದೆ. ಕಾರಿನ ಟೈರಿನಲ್ಲಿ ಸುಮಾರು 2 ಬಾರ್ ಇದ್ದರೆ ಇಲ್ಲಿ 200ಕ್ಕೂ ಜಾಸ್ತಿ. ಆಯಿಲ್ ಸೂಜಿಯಂತೆ ಚರ್ಮದೊಳಗೆ ಹೋಗುತ್ತದೆ. ಗಾಯ ಚುಕ್ಕಿಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು, ತಡವಾದರೆ ಬೆರಳೇ ಹೋಗಬಹುದು. ನೋಡಲೇಬೇಕೆಂದರೆ ದೂರದಿಂದ ರಟ್ಟಿನ ತುಂಡು ಹಿಡಿಯಿರಿ. ಎಂಜಿನ್ ಆಫ್ ಮಾಡುವಷ್ಟರಲ್ಲಿ ಹೋಸ್ ಒಡೆದೇ ಹೋಯಿತು.

ಆಮೇಲೆ ದಾವಣಗೆರೆಯಿಂದ ವಯಸ್ಸಾದ ಮೇಸ್ತ್ರಿಯೊಬ್ಬರನ್ನು ಕರೆಸಿದೆ. ಅವರು ಪಂಪ್ ಮುಟ್ಟಲೇ ಇಲ್ಲ. ಗಾಡಿ ಓಡಿಸಿ ಟ್ಯಾಂಕಿನ ಆಯಿಲ್ ನೋಡಿದರು. ನೊರೆ. 'ಹಾಲಿನ ಹಾಗಿದ್ರೆ ನೀರು, ನೊರೆ ಇದ್ರೆ ಗಾಳಿ' ಅಂದರು. ಟ್ಯಾಂಕಿನಿಂದ ಪಂಪಿಗೆ ಆಯಿಲ್ ಹೋಗುವ ಸಕ್ಷನ್ ಪೈಪಿನ ಕ್ಲಾಂಪಿಗೆ ಗ್ರೀಸ್ ಬಳಿದರು, ಸದ್ದು ಅರ್ಧಕ್ಕೆ ಇಳಿಯಿತು! ಅಲ್ಲಿ ಆಯಿಲ್ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಬಕೆಟ್ ನೆಲಕ್ಕಿಳಿಸಿ, ಎಂಜಿನ್ ಆಫ್ ಮಾಡಿ, ಲಿವರ್ ಆಡಿಸಿ ಪ್ರೆಶರ್ ಬಿಟ್ಟ ಮೇಲೆ ಪೈಪ್ ಬಿಚ್ಚಿದರು. ಹೊರಗೆ ಗಟ್ಟಿಮುಟ್ಟು, ಒಳಗಿನ ರಬ್ಬರ್ ಪದರ ಎದ್ದು ಬಂದಿತ್ತು. ಬಿಸಿಯಾದಾಗ ಅದು ಮೆತ್ತಗಾಗಿ ದಾರಿ ಮುಚ್ಚುತ್ತಿತ್ತು, ಪಂಪಿಗೆ ಆಯಿಲ್ಲೇ ಸಿಗುತ್ತಿರಲಿಲ್ಲ.

ಪೈಪು, ಕ್ಲಾಂಪು ಹೊಸದು ಹಾಕಿ, ಗೇಜ್ ಇಟ್ಟು ರಿಲೀಫ್ ವಾಲ್ವ್ ಮೊದಲಿನ ಲೆಕ್ಕಕ್ಕೆ ತಂದರು. ಅಷ್ಟೇ ಕೆಲಸ. ನನ್ನ ಹಳೆ ಪಂಪ್ ಎಲ್ಲಿ ಅಂತೀರಾ? ಗುಜರಿಗೆ ಹಾಕ್ತೀನಿ ಅಂತ ಮೊದಲನೆಯವನು ಆಗಲೇ ಹೊತ್ತುಕೊಂಡು ಹೋಗಿದ್ದ.