ಹುಬ್ಬಳ್ಳಿಯ ಮನೆಯಲ್ಲಿ ನಾಲ್ಕು ವರ್ಷ ದುಡಿದ ಎನ್‌ಎಎಸ್: ಸಿನಾಲಜಿ ಡಿಎಸ್220+ ಬಳಕೆಯ ಅನುಭವ

2021ರ ಆಗಸ್ಟ್‌ನಲ್ಲಿ ಕೊಂಡ ಈ ಯಂತ್ರ ವಿಶ್ವೇಶ್ವರನಗರದ ನಮ್ಮ ಮನೆಯಲ್ಲಿ ಹಗಲು ರಾತ್ರಿ ನಡೆಯುತ್ತ ನಾಲ್ಕು ವರ್ಷ ದಾಟಿದೆ. ಈ ಅವಧಿಯಲ್ಲಿ ಒಂದು ಡ್ರೈವ್ ಕೆಟ್ಟಿತು, ಒಮ್ಮೆ ನನ್ನ ಕೈಯಿಂದಲೇ ಒಂದು ಇಡೀ ಫೋಲ್ಡರ್ ಅಳಿಸಿಹೋಯಿತು, ಇನ್ವರ್ಟರ್ ಮತ್ತು ಯುಪಿಎಸ್ ಒಂದಕ್ಕೊಂದು ಹೊಂದದೆ ಒಂದು ಮಳೆಗಾಲ ಪೂರ್ತಿ ಕಾಡಿದವು. ಕೊಳ್ಳುವ ಮೊದಲು ಒಂದು ತಿಂಗಳು ನಾನು ಪ್ರೊಸೆಸರ್, ರ‍್ಯಾಮ್, ಪೋರ್ಟುಗಳನ್ನು ಹೋಲಿಸುತ್ತ ಕುಳಿತಿದ್ದೆ. ಆ ತಿಂಗಳಲ್ಲಿ ಅರ್ಧವನ್ನಾದರೂ ಕರೆಂಟಿನ ವ್ಯವಸ್ಥೆಗೆ ಮತ್ತು ಮನೆಯ ಹೊರಗೆ ಇಡುವ ಎರಡನೆಯ ಪ್ರತಿಗೆ ಮೀಸಲಿಟ್ಟಿದ್ದರೆ ಮುಂದಿನ ತೊಂದರೆಗಳಲ್ಲಿ ಬಹುಪಾಲು ಬರುತ್ತಲೇ ಇರಲಿಲ್ಲ.

ಎನ್‌ಎಎಸ್ ಎಂದರೆ ಮನೆಯ ರೌಟರಿಗೆ ಜೋಡಿಸಿಟ್ಟು, ಮನೆಯವರೆಲ್ಲರ ಫೋನು, ಲ್ಯಾಪ್‌ಟಾಪುಗಳು ಹಂಚಿಕೊಂಡು ಬಳಸುವ ಹಾರ್ಡ್ ಡಿಸ್ಕುಗಳ ಪೆಟ್ಟಿಗೆ. ನಮಗೆ ಅದರ ಅಗತ್ಯ ಬಂದದ್ದು ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಅಪರಿಮಿತ ಉಚಿತ ಸಂಗ್ರಹವನ್ನು ನಿಲ್ಲಿಸಿ, ಹೊಸದಾಗಿ ಹಾಕುವ ಎಲ್ಲವನ್ನೂ 15 ಜಿಬಿಯ ಲೆಕ್ಕಕ್ಕೆ ಸೇರಿಸಿದಾಗ. ಮನೆಯಲ್ಲಿ ಐದು ಫೋನುಗಳಿದ್ದವು. ತಂಗಿಯ ಮದುವೆಯ ವಿಡಿಯೋ ಮೂರು ಬೇರೆ ಬೇರೆ ಪೋರ್ಟಬಲ್ ಡಿಸ್ಕುಗಳಲ್ಲಿ ಹಂಚಿಹೋಗಿತ್ತು. ಅಪ್ಪ ಕಾಲಕಾಲಕ್ಕೆ ತೆಗೆಸಿಟ್ಟ ಹೊಲದ ಉತಾರಗಳು ಮತ್ತು ಅಜ್ಜನ ಕೈಬರಹದ ಖಾತೆವಹಿಗಳು ಸ್ಕ್ಯಾನ್ ಆಗಬೇಕಿದ್ದವು. ಹಳೆಯ ಡೆಸ್ಕ್‌ಟಾಪಿಗೆ ಅದನ್ನೇ ಎನ್‌ಎಎಸ್ ಆಗಿಸುವ ಓಪನ್‌ಮೀಡಿಯಾವಾಲ್ಟ್ ಎಂಬ ಉಚಿತ ತಂತ್ರಾಂಶ ಹಾಕಿ ಎರಡು ವಾರ ನಡೆಸಿ ನೋಡಿದೆ. ಕೆಲಸ ಚೆನ್ನಾಗಿಯೇ ನಡೆಯಿತು, ಆದರೆ ಸುಮ್ಮನಿದ್ದಾಗಲೂ ಅದು 60 ವ್ಯಾಟ್ ಎಳೆಯುತ್ತಿತ್ತು, ಅಂದರೆ ತಿಂಗಳಿಗೆ 43 ಯೂನಿಟ್. ರೌಟರಿನ ಯುಎಸ್‌ಬಿ ಕಿಂಡಿಗೆ ಡಿಸ್ಕ್ ಸಿಕ್ಕಿಸುವುದು ಅಗ್ಗವಾದರೂ ಆ ಒಂದು ಡಿಸ್ಕ್ ಹೋದರೆ ಎಲ್ಲವೂ ಹೋದಂತೆ.

ಕೊನೆಗೆ ಉಳಿದದ್ದು ಸಿನಾಲಜಿಯ ಡಿಎಸ್220ಜೆ ಮತ್ತು ಡಿಎಸ್220+ ನಡುವಿನ ಆಯ್ಕೆ. ಮೊದಲನೆಯದು ಹೆಚ್ಚುಕಡಿಮೆ ಅರ್ಧ ಬೆಲೆಗೆ ಸಿಗುತ್ತಿತ್ತು, ಆದರೆ ಅದರಲ್ಲಿ ಇದ್ದದ್ದು 512 ಎಂಬಿ ರ‍್ಯಾಮ್; ಅದಕ್ಕಿಂತ ಮುಖ್ಯವಾಗಿ, ಅದರಲ್ಲಿ ಬಿಟಿಆರ್‌ಎಫ್‌ಎಸ್ ಕಡತವ್ಯವಸ್ಥೆ ಇಲ್ಲದ್ದರಿಂದ ಸ್ನ್ಯಾಪ್‌ಶಾಟ್, ಅಂದರೆ ಫೋಲ್ಡರಿನ ಹಿಂದಿನ ಸ್ಥಿತಿಯನ್ನು ಉಳಿಸಿಟ್ಟು ಬೇಕಾದಾಗ ಮರಳಿ ಪಡೆಯುವ ಸೌಲಭ್ಯವೂ ಇರಲಿಲ್ಲ. ಪ್ಲಸ್ ಮಾದರಿಯಲ್ಲಿ ಇಂಟೆಲ್ ಸೆಲೆರಾನ್ ಜೆ4025 ಮತ್ತು 2 ಜಿಬಿ ರ‍್ಯಾಮ್ ಇವೆ, ಇನ್ನೂ 4 ಜಿಬಿ ಸೇರಿಸಲು ಅವಕಾಶವಿದೆ. ಹುಬ್ಬಳ್ಳಿಯ ಅಂಗಡಿಗಳಲ್ಲಿ ಇಂಥದ್ದನ್ನು ದಾಸ್ತಾನು ಇಡುವವರು ಸಿಗಲಿಲ್ಲವಾದ್ದರಿಂದ ತರಿಸಿಕೊಳ್ಳಲು ಒಂಬತ್ತು ದಿನ ಹಿಡಿಯಿತು. ಎರಡು 4 ಟಿಬಿ ಡ್ರೈವ್ ಸೇರಿ ಒಟ್ಟು ಐವತ್ತು ಸಾವಿರದ ಸುಮಾರು ಖರ್ಚಾಯಿತು.

ಡ್ರೈವ್ ಆರಿಸುವಾಗ ಪೆಟ್ಟಿಗೆಗಿಂತ ಹೆಚ್ಚು ಎಚ್ಚರ ಬೇಕು. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ಎನ್‌ಎಎಸ್‌ಗೆಂದೇ ಮಾರುವ ರೆಡ್ ಸರಣಿಯ 2ರಿಂದ 6 ಟಿಬಿವರೆಗಿನ ಡ್ರೈವ್‌ಗಳಲ್ಲಿ ಎಸ್‌ಎಂಆರ್ ಎಂಬ ತಂತ್ರವಿರುವುದು ಬಯಲಾಗಿ ದೊಡ್ಡ ಗದ್ದಲವಾಗಿತ್ತು. ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೊಂದು ದತ್ತಾಂಶದ ಸಾಲನ್ನು ಬರೆಯುವ ಈ ತಂತ್ರದಲ್ಲಿ, ಒಂದು ಸಾಲು ತಿದ್ದಬೇಕಾದರೆ ಅಕ್ಕಪಕ್ಕದವನ್ನೂ ಮತ್ತೆ ಬರೆಯಬೇಕಾಗುತ್ತದೆ, ಹೀಗಾಗಿ ಕೆಟ್ಟ ಡ್ರೈವ್ ಬದಲಿಸಿ ಮರುಜೋಡಣೆ ಮಾಡುವಾಗ ವೇಗ ಕುಸಿಯುತ್ತದೆ. ಸಿಎಂಆರ್ (ಸಾಲುಗಳನ್ನು ಒಂದರ ಮೇಲೊಂದು ಬೀಳದಂತೆ ಬರೆಯುವ ತಂತ್ರ) ಎಂದು ಸ್ಪಷ್ಟವಾಗಿ ನಮೂದಿಸಿದ ಡ್ರೈವ್‌ಗಳನ್ನೇ ಕೇಳಿ ಕೊಳ್ಳುವುದು ಒಳ್ಳೆಯದು, ಉದಾಹರಣೆಗೆ ರೆಡ್ ಪ್ಲಸ್ ಅಥವಾ ಸೀಗೇಟ್‌ನ ಐರನ್‌ವುಲ್ಫ್. ಬಿಲ್ಲಿನ ಮೇಲೆ ಸೀರಿಯಲ್ ಸಂಖ್ಯೆ ಬರೆಸಿಕೊಂಡು, ಅದನ್ನು ತಯಾರಕರ ಜಾಲತಾಣದಲ್ಲಿ ಹಾಕಿ ಭಾರತದ ವಾರಂಟಿ ಇದೆಯೇ ಎಂದು ಅಂಗಡಿಯಲ್ಲಿ ನಿಂತೇ ನೋಡಿಕೊಳ್ಳಬೇಕು. ನಾನು ನೋಡಿಕೊಂಡದ್ದು ಮೂರು ವರ್ಷದ ನಂತರ ಉಪಯೋಗಕ್ಕೆ ಬಂತು.

ದಿನನಿತ್ಯದ ಬಳಕೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ, ಏಕೆಂದರೆ ಅದು ಸದ್ದಿಲ್ಲದೆ ನಡೆಯುತ್ತದೆ. ಎಲ್ಲರ ಫೋನಿನ ಚಿತ್ರಗಳು ಮನೆಯ ವೈಫೈಗೆ ಬಂದೊಡನೆ ಇದಕ್ಕೆ ಸೇರುತ್ತವೆ. ಕೇಬಲ್ ಜೋಡಿಸಿದ ಲ್ಯಾಪ್‌ಟಾಪಿನಿಂದ ಸೆಕೆಂಡಿಗೆ 110 ಎಂಬಿ ವೇಗ ಸಿಗುತ್ತದೆ. ಗಿಗಾಬಿಟ್ ಪೋರ್ಟಿನ ಮಿತಿಯೇ ಅಷ್ಟು. ಮೊದಲ ಬಾರಿಗೆ 70 ಸಾವಿರ ಚಿತ್ರಗಳನ್ನು ಹಾಕಿದಾಗ ಮುಖ ಗುರುತಿಸಿ ಮುಗಿಸಲು ವಾರಕ್ಕೂ ಹೆಚ್ಚು ಹಿಡಿಯಿತು. ಮುಗಿದ ಮೇಲೆ ಅಮ್ಮ ತನ್ನ ತಂಗಿಯ ಮುಖ ಒತ್ತಿ ಇಪ್ಪತ್ತು ವರ್ಷದ ಚಿತ್ರಗಳನ್ನು ಒಂದೇ ಸಾಲಿನಲ್ಲಿ ನೋಡಿದ ಮಧ್ಯಾಹ್ನ, ಖರ್ಚಿನ ಬಗ್ಗೆ ಮನೆಯಲ್ಲಿದ್ದ ಗೊಣಗಾಟ ನಿಂತಿತು. ವಿದ್ಯುತ್ ಬಳಕೆ 15 ವ್ಯಾಟಿನ ಆಸುಪಾಸು, ತಿಂಗಳಿಗೆ 11 ಯೂನಿಟ್. 2023ರಲ್ಲಿ ಗೃಹಜ್ಯೋತಿ ಬಂದಾಗ ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಶೇ. 10ರಷ್ಟನ್ನೇ ಕೂಡಿಸಿ ಮಿತಿ ನಿಗದಿ ಮಾಡಿದ್ದರಿಂದ, ಅಷ್ಟರಲ್ಲಾಗಲೇ ಈ ಯಂತ್ರದ ಯೂನಿಟ್‌ಗಳು ನಮ್ಮ ಸರಾಸರಿಯೊಳಗೆ ಸೇರಿಹೋಗಿದ್ದದ್ದು ಅದೃಷ್ಟವೇ ಸರಿ. ಈಗ ಹೊಸದಾಗಿ ಕೊಳ್ಳುವವರು ಈ ಲೆಕ್ಕವನ್ನೂ ಹಾಕಿಕೊಳ್ಳಬೇಕು.

ಇಡುವ ಜಾಗದ ಬಗ್ಗೆ ಒಂದು ಮಾತು. ಮೊದಲು ಅದನ್ನು ಟಿವಿ ಕಪಾಟಿನ ಗಾಜಿನ ಬಾಗಿಲ ಹಿಂದೆ ಇಟ್ಟಿದ್ದೆ. ಏಪ್ರಿಲ್‌ನಲ್ಲಿ ಡ್ರೈವ್‌ಗಳ ಉಷ್ಣತೆ 52 ಡಿಗ್ರಿ ಮುಟ್ಟಿತು. ಪಡಸಾಲೆಯ ತೆರೆದ ಹಲಗೆಗೆ ಸ್ಥಳಾಂತರಿಸಿದ ಮೇಲೆ ಅದೇ ಬೇಸಿಗೆಯಲ್ಲಿ 42ಕ್ಕೆ ಇಳಿಯಿತು. ಹಿಂದಿನ ಫ್ಯಾನಿಗೆ ಕೂರುವ ಕೆಂಪು ಧೂಳನ್ನು ವರ್ಷಕ್ಕೆ ಎರಡು ಸಲ ಒಣ ಬಣ್ಣದ ಬ್ರಷ್ಷಿನಿಂದ ತೆಗೆಯುತ್ತೇನೆ.

ಇನ್ನು ಕರೆಂಟು. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಎಂಬ ಧೈರ್ಯದಿಂದ ನಾನು ಯುಪಿಎಸ್ ಕೊಳ್ಳಲಿಲ್ಲ. ಆದರೆ ಇನ್ವರ್ಟರಿಗೆ ತನ್ನ ಬ್ಯಾಟರಿ ಮುಗಿಯುತ್ತ ಬಂದಿದೆ ಎಂದು ಎನ್‌ಎಎಸ್‌ಗೆ ತಿಳಿಸುವ ದಾರಿಯಿಲ್ಲ. ಮೇ ತಿಂಗಳ ಅಡ್ಡಮಳೆಯ ಒಂದು ರಾತ್ರಿ ಮರ ಬಿದ್ದು ಏಳು ತಾಸು ಕರೆಂಟ್ ಹೋದಾಗ, ಬೆಳಗಿನ ಜಾವ ಇನ್ವರ್ಟರ್ ಬರಿದಾಗಿ ಯಂತ್ರ ಬರೆಯುತ್ತಿದ್ದ ಕೆಲಸವನ್ನು ನಡುವೆಯೇ ಬಿಟ್ಟು ಆರಿಹೋಯಿತು. ದತ್ತಾಂಶಕ್ಕೆ ಏನೂ ಆಗಲಿಲ್ಲ, ಆದರೆ ನನಗೆ ಹೆದರಿಕೆ ಹತ್ತಿತು. ಯುಎಸ್‌ಬಿ ಸಂಪರ್ಕವಿರುವ 600 ವಿಎ ಯುಪಿಎಸ್ ತಂದೆ. ಅಗ್ಗದ ಹಲವು ಯುಪಿಎಸ್‌ಗಳಲ್ಲಿ ಆ ಕಿಂಡಿಯೇ ಇರುವುದಿಲ್ಲ, ಅದಿಲ್ಲದಿದ್ದರೆ ಯಂತ್ರ ತಾನಾಗಿ ಸುರಕ್ಷಿತವಾಗಿ ಮುಚ್ಚಿಕೊಳ್ಳಲಾರದು. ಆಮೇಲೆ ಹೊಸ ಸಮಸ್ಯೆ ಶುರುವಾಯಿತು. ನಮ್ಮ ಹಳೆಯ ಇನ್ವರ್ಟರ್ ಚೌಕ ತರಂಗದ್ದು. ಅದು ಕೊಡುವ ವಿದ್ಯುತ್ತನ್ನು ಯುಪಿಎಸ್ ಸರಿಯಾದದ್ದೆಂದು ಒಪ್ಪದೆ ತನ್ನ ಬ್ಯಾಟರಿಗೇ ಜಿಗಿಯುತ್ತಿತ್ತು. ಮನೆಯ ದೀಪ, ಫ್ಯಾನುಗಳೆಲ್ಲ ನಡೆಯುತ್ತಿರುವಾಗ ಎನ್‌ಎಎಸ್ ಮಾತ್ರ ಐದು ನಿಮಿಷಕ್ಕೆ ತನ್ನ ಬಾಗಿಲು ಹಾಕಿಕೊಂಡು ಮಲಗುವುದು ಆ ಮಳೆಗಾಲದ ನಿತ್ಯದ ನೋಟವಾಯಿತು. ಇನ್ವರ್ಟರನ್ನು, ಲೈನಿನ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಸೈನ್ ತರಂಗದ್ದಕ್ಕೆ ಬದಲಿಸಿದ ದಿನವೇ ಇದು ನಿಂತಿತು. ಎನ್‌ಎಎಸ್‌ನ ಬಜೆಟ್ಟಿನಲ್ಲಿ ಇದನ್ನೆಲ್ಲ ಸೇರಿಸಿಕೊಳ್ಳಿ ಎಂದು ನನಗೆ ಯಾರೂ ಹೇಳಿರಲಿಲ್ಲ.

ಎರಡು ಡ್ರೈವ್‌ಗಳು ಕನ್ನಡಿಯಂತೆ ಒಂದರ ಪ್ರತಿ ಇನ್ನೊಂದಾಗಿ ಇರುವುದರಿಂದ 8 ಟಿಬಿ ಕೊಂಡರೂ ಸಿಗುವುದು ಯಂತ್ರದ ಲೆಕ್ಕದಲ್ಲಿ 3.6 ಟಿಬಿ. ಈ ಕನ್ನಡಿಯನ್ನೇ ಬ್ಯಾಕಪ್ ಎಂದು ನಾನೂ ನಂಬಿದ್ದೆ. 2022ರ ಮೇನಲ್ಲಿ ಲ್ಯಾಪ್‌ಟಾಪ್ ಸ್ವಚ್ಛಗೊಳಿಸುತ್ತ, ಸ್ಥಳೀಯ ಫೋಲ್ಡರ್ ಎಂದು ತಿಳಿದು ಎನ್‌ಎಎಸ್‌ನಲ್ಲಿದ್ದ ‘ಮನೆ ಕಾಗದಪತ್ರ’ ಫೋಲ್ಡರನ್ನೇ ಅಳಿಸಿದೆ. ನೆಟ್‌ವರ್ಕ್ ಮೂಲಕ ಅಳಿಸಿದ್ದು ವಿಂಡೋಸ್‌ನ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ಎನ್‌ಎಎಸ್‌ನದೇ ಆದ ಬಿನ್ ಒಂದಿದೆ, ಆದರೆ ಆ ಫೋಲ್ಡರಿಗೆ ನಾನು ಅದನ್ನು ಸಕ್ರಿಯಗೊಳಿಸಿರಲಿಲ್ಲ. ಎರಡೂ ಡ್ರೈವ್‌ಗಳು ನನ್ನ ತಪ್ಪನ್ನು ಅಚ್ಚುಕಟ್ಟಾಗಿ ಪಾಲಿಸಿದವು. ಸ್ನ್ಯಾಪ್‌ಶಾಟ್ ಬೇಕೆಂದೇ ದುಬಾರಿ ಮಾದರಿ ಕೊಂಡವನು ಒಂಬತ್ತು ತಿಂಗಳಾದರೂ ಅದನ್ನು ಹಾಕಿರಲಿಲ್ಲ ಎಂಬುದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಕಾಪಾಡಿದ್ದು ಧಾರವಾಡ. ತಮ್ಮ ಸಪ್ತಾಪುರದಲ್ಲಿರುತ್ತಾನೆ; ಎರಡು ಯುಎಸ್‌ಬಿ ಡಿಸ್ಕುಗಳಲ್ಲಿ ಒಂದು ಇಲ್ಲಿ, ಒಂದು ಅವನ ಮನೆಯಲ್ಲಿ ಎಂಬ ಏರ್ಪಾಡನ್ನು ಆಗಷ್ಟೇ ಅರೆಮನಸ್ಸಿನಿಂದ ಶುರು ಮಾಡಿದ್ದೆವು. ಇಲ್ಲಿದ್ದ ಡಿಸ್ಕನ್ನು ಬೇರೆ ಕೆಲಸಕ್ಕೆಂದು ಖಾಲಿ ಮಾಡಿದ್ದೆ. ಧಾರವಾಡದ್ದರಲ್ಲಿ ಮೂರು ವಾರದ ಹಿಂದಿನ ಪ್ರತಿ ಇತ್ತು. ಖಾತೆವಹಿಯ ನಲವತ್ತು ಚಿಲ್ಲರೆ ಪುಟಗಳನ್ನು ಮತ್ತೆ ಸ್ಕ್ಯಾನ್ ಮಾಡಬೇಕಾಯಿತು, ಉಳಿದದ್ದೆಲ್ಲ ಬಂತು. ಅಂದಿನಿಂದ ಈ ಏರ್ಪಾಡು ತಪ್ಪಿಲ್ಲ. ತಿಂಗಳಿಗೊಮ್ಮೆ, ಸಿನಾಲಜಿಯದೇ ಬ್ಯಾಕಪ್ ತಂತ್ರಾಂಶವಾದ ಹೈಪರ್ ಬ್ಯಾಕಪ್ ಪ್ರತಿ ಮಾಡಿ ಮುಗಿಸಿದ ಡಿಸ್ಕನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಸ್ಟೀಲಿನ ಊಟದ ಡಬ್ಬಿಯಲ್ಲಿಟ್ಟು, ಚಿಗರಿ ಬಸ್ಸಿನಲ್ಲಿ ತೊಡೆಯ ಮೇಲೆ ಇರಿಸಿಕೊಂಡು ಧಾರವಾಡಕ್ಕೆ ಹೋಗುತ್ತೇನೆ. ಅಲ್ಲಿನದನ್ನು ಅದೇ ಡಬ್ಬಿಯಲ್ಲಿ ತರುತ್ತೇನೆ. ಪ್ರತಿ ಗೂಢಲಿಪೀಕರಣಗೊಂಡಿರುವುದರಿಂದ ಬಸ್ಸಿನಲ್ಲಿ ಮರೆತರೂ ಬೇರೆಯವರಿಗೆ ಓದಲು ಬಾರದು. ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಎರಡೂ ಮನೆಗಳ ತಿಜೋರಿಯಲ್ಲಿ ಇಟ್ಟಿದ್ದೇವೆ. ಇಪ್ಪತ್ತು ಕಿಲೋಮೀಟರ್ ದೂರದ ಅವಳಿ ನಗರ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

2024ರ ಜೂನ್‌ನಲ್ಲಿ ನಸುಕಿನ ಎರಡೂವರೆಗೆ ಪಡಸಾಲೆಯಿಂದ ಬೀಪ್ ಬೀಪ್ ಸದ್ದು ಶುರುವಾಯಿತು. ‘ಫ್ರಿಜ್ಜಿನ ಬಾಗಲಾ ತಗದೈತೇನ ನೋಡ್ರಿ’ ಎಂದಳು ಹೆಂಡತಿ. ಫ್ರಿಜ್ಜಿನ ಬಾಗಿಲು ಮುಚ್ಚಿತ್ತು. ಎನ್‌ಎಎಸ್‌ನ ಸ್ಥಿತಿದೀಪ ಕಿತ್ತಳೆ ಬಣ್ಣದಲ್ಲಿ ಮಿಟುಕುತ್ತಿತ್ತು. ಒಂದು ಡ್ರೈವ್ ಕೈಕೊಟ್ಟಿತ್ತು. ಹಾಳಾದ ಸೆಕ್ಟರ್‌ಗಳ ಎಣಿಕೆ ಎರಡು ತಿಂಗಳಿಂದ ಏರುತ್ತಿದ್ದುದು ವರದಿಗಳಲ್ಲೇ ಇತ್ತು, ಆ ಇಮೇಲ್‌ಗಳನ್ನು ನಾನು ತೆರೆದೇ ಇರಲಿಲ್ಲ. ವಾರಂಟಿಗೆ ಇನ್ನೂ ಎರಡು ತಿಂಗಳು ಬಾಕಿ ಇದ್ದರೂ, ಬದಲಿ ಬರುವವರೆಗೆ ಒಂದೇ ಡ್ರೈವಿನ ಮೇಲೆ ಭಾರ ಹಾಕುವುದು ಬೇಡವೆಂದು ಮರುದಿನವೇ ಹೊಸದನ್ನು ಕೊಂಡೆ. ಯಂತ್ರವನ್ನು ಆರಿಸಿ, ಸ್ಕ್ರೂಗಳ ಗೊಡವೆಯಿಲ್ಲದ ತಟ್ಟೆಯನ್ನು ಹೊರಗೆಳೆದು, ಹೊಸ ಡ್ರೈವ್ ಕೂರಿಸಿ, ದುರಸ್ತಿ ಗುಂಡಿ ಒತ್ತುವುದಕ್ಕೆ ಹತ್ತು ನಿಮಿಷ. ಮರುಜೋಡಣೆಗೆ ಏಳು ತಾಸು. ಯಾವ ಕಡತವೂ ಹೋಗಲಿಲ್ಲ. ಡ್ರೈವ್ ತಯಾರಕರಿಂದ ಬದಲಿ ಬಂದದ್ದು ಹದಿನೆಂಟು ದಿನಕ್ಕೆ, ಅದೂ ದುರಸ್ತಿ ಮಾಡಿದ ಡ್ರೈವ್.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರಿಗಾಗಿ ಒಂದು ವಿಷಯ. ಹೆಸರುಗಳು ಯೂನಿಕೋಡಿನಲ್ಲಿ ಸರಿಯಾಗಿ ಕಾಣುತ್ತವೆ, ಹುಡುಕಿದರೆ ಸಿಗುತ್ತವೆ. ಆದರೆ ಹಂಚಿಕೆಯ ಫೋಲ್ಡರನ್ನು ಗೂಢಲಿಪೀಕರಿಸಿದರೆ ಹೆಸರಿನ ಮಿತಿ 143 ಬೈಟ್‌ಗೆ ಇಳಿಯುತ್ತದೆ. ಇಂಗ್ಲಿಷಿಗೆ ಅದು ಧಾರಾಳ. ಕನ್ನಡದಲ್ಲಿ ಅಕ್ಷರ, ಗುಣಿತದ ಚಿಹ್ನೆ ಪ್ರತಿಯೊಂದಕ್ಕೂ ಮೂರು ಬೈಟ್, ಒತ್ತಿಗೆ ಆರು ಬೈಟ್ ಆದ್ದರಿಂದ ‘ಸ್ತ್ರೀ’ ಎಂಬ ಒಂದೇ ಅಕ್ಷರ 18 ಬೈಟ್ ತಿನ್ನುತ್ತದೆ. ‘ಕುಂದಗೋಳದ ಚಿಕ್ಕಮ್ಮನ ಮನೆಯ ಗೃಹಪ್ರವೇಶದ ಮಧ್ಯಾಹ್ನದ ಊಟದ ಪಂಕ್ತಿ’ ಎಂಬ ಅಪ್ಪನ ಕಡತದ ಹೆಸರು 150 ದಾಟಿ ನಕಲಾಗಲು ನಿರಾಕರಿಸಿದಾಗ ಕಾರಣ ತಿಳಿಯಲು ನನಗೆ ಒಂದು ಸಂಜೆ ಹಿಡಿಯಿತು. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕಡತಗಳ ಒಳಗಿನ ಪಠ್ಯ ಯೂನಿಕೋಡ್ ಅಲ್ಲದ್ದರಿಂದ ಹುಡುಕಾಟಕ್ಕೆ ಸಿಗುವುದಿಲ್ಲ, ಪರಿವರ್ತಿಸಿಯೇ ಹಾಕಬೇಕು.

ಹೊರಗಿನಿಂದ ಬಳಸುವ ವಿಷಯದಲ್ಲಿ ನಾನು ಹೆದರುವವರ ಪೈಕಿ. 2021ರ ಜೂನ್‌ನಲ್ಲಿ ಜಗತ್ತಿನಾದ್ಯಂತ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಎಂಬ ನೆಟ್‌ವರ್ಕ್ ಡಿಸ್ಕುಗಳನ್ನು ದಾಳಿಕೋರರು ದೂರದಿಂದಲೇ ಅಳಿಸಿಹಾಕಿದ್ದರು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಇಂಟರ್‌ನೆಟ್ಟಿಗೆ ತೆರೆದಿಟ್ಟ ಕ್ಯೂನ್ಯಾಪ್ ಕಂಪನಿಯ ಎನ್‌ಎಎಸ್‌ಗಳ ಕಡತಗಳಿಗೆ ಬೀಗ ಹಾಕಿ 0.03 ಬಿಟ್‌ಕಾಯಿನ್ ಕೇಳಿತ್ತು. ಹಾಗಾಗಿ ರೌಟರಿನಲ್ಲಿ ಪೋರ್ಟ್, ಅಂದರೆ ಹೊರಗಿನವರು ಒಳಬರುವ ಬಾಗಿಲು, ತೆರೆಯದೆ, ನಮ್ಮ ಸಾಧನಗಳನ್ನಷ್ಟೇ ಖಾಸಗಿಯಾಗಿ ಬೆಸೆಯುವ ಟೇಲ್‌ಸ್ಕೇಲ್ ಎಂಬ ತಂತ್ರಾಂಶದ ಮೂಲಕ ಮಾತ್ರ ಒಳಬರುವಂತೆ ಮಾಡಿದ್ದೇನೆ. ನಮ್ಮ ಬ್ರಾಡ್‌ಬ್ಯಾಂಡಿನಲ್ಲಿ ಒಂದೇ ಐಪಿ ವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುವುದರಿಂದ ಪೋರ್ಟ್ ತೆರೆದರೂ ಉಪಯೋಗವಿರಲಿಲ್ಲ.

ಈಗ ಕೊಳ್ಳುವವರಿಗೆ ಡಿಎಸ್220+ ಹಳೆಯ ಮಾದರಿ. ಅದರ ಸಾಲಿನಲ್ಲಿ ಡಿಎಸ್224+, ಡಿಎಸ್225+ ಬಂದಿವೆ. 2025ರ ಪ್ಲಸ್ ಮಾದರಿಗಳಲ್ಲಿ ಕಂಪನಿ ತನ್ನ ಪಟ್ಟಿಯ ಡ್ರೈವ್‌ಗಳನ್ನೇ ಹಾಕಬೇಕೆಂದು ಕಟ್ಟುಪಾಡು ತಂದು, ಅದೇ ವರ್ಷದ ಅಕ್ಟೋಬರ್‌ನಲ್ಲಿ ತನ್ನ ಎನ್‌ಎಎಸ್‌ಗಳ ಕಾರ್ಯಾಚರಣ ವ್ಯವಸ್ಥೆಯಾದ ಡಿಎಸ್‌ಎಂನ 7.3 ಆವೃತ್ತಿಯೊಂದಿಗೆ ಅದನ್ನು ಸಡಿಲಿಸಿತು. ಹೀಗಾಗಿ ಡ್ರೈವ್‌ಗಳ ಹೊಂದಾಣಿಕೆಯನ್ನು ಕೊಳ್ಳುವ ದಿನವೇ ಪರಿಶೀಲಿಸುವುದು ಲೇಸು. 2024ರ ಡಿಎಸ್‌ಎಂ 7.2.2ರಲ್ಲಿ ವಿಡಿಯೋ ಸ್ಟೇಷನ್ ಎಂಬ ಸಿನಿಮಾ ನೋಡುವ ತಂತ್ರಾಂಶವನ್ನು ಕೈಬಿಟ್ಟರು. ನಮ್ಮಲ್ಲಿ ಅದನ್ನು ಬಳಸುವವರಿರಲಿಲ್ಲ, ಸಿನಿಮಾ ಸಂಗ್ರಹಕ್ಕೆಂದೇ ಕೊಳ್ಳುವವರು ಇದನ್ನು ಗಮನಿಸಬೇಕು. ನನ್ನ ಬಳಿ ಇನ್ನೂ ಒಂದೂವರೆ ಟಿಬಿ ಜಾಗ ಉಳಿದಿರುವುದರಿಂದ ಪೆಟ್ಟಿಗೆ ಬದಲಿಸುವ ಯೋಚನೆಯಿಲ್ಲ. ಮೊದಲಿನಿಂದ ಇರುವ ಇನ್ನೊಂದು ಡ್ರೈವ್ ಮಾತ್ರ 37 ಸಾವಿರ ತಾಸು ದುಡಿದಿದೆ. ವಾರಂಟಿಯಲ್ಲಿ ಬಂದ ಡ್ರೈವನ್ನು ಪೂರ್ತಿ ಪರೀಕ್ಷಿಸಿ ಕಪಾಟಿನಲ್ಲಿ ಇಟ್ಟಿದ್ದೇನೆ, ಯುಗಾದಿಯ ರಜೆಯಲ್ಲಿ ಬೀಪ್ ಸದ್ದಿಗೆ ಕಾಯದೆ ಬದಲಿಸುವವನಿದ್ದೇನೆ.